ಹಸುವಿಗೆ ತಪಾಸಣೆ ಆಯಿತು, ಯಜಮಾನರಿಗೆ ಯಾವಾಗ?

ಹಾಲು ಉತ್ಪಾದಕ ಗಂಡಸರು ಮತ್ತು ಸಕ್ಕರೆ ಕಾಯಿಲೆ



ಈ ಪುಟಗಳಲ್ಲಿ ಪ್ರತಿ ಸಂಚಿಕೆಯಲ್ಲೂ ಕೆಚ್ಚಲು ಬಾವು, ಗರ್ಭ ನಿಲ್ಲದಿರುವುದು, ಖನಿಜ ಮಿಶ್ರಣ, ಕರು ಸಾಕಣೆ ಇಂಥ ವಿಷಯಗಳನ್ನು ಓದುತ್ತೀರಿ. ಈ ಸಲ ರಾಸುಗಳನ್ನು ಸ್ವಲ್ಪ ಹೊತ್ತು ಗೊಂತಿಗೆ ಕಟ್ಟಿ, ಅವುಗಳ ಹಗ್ಗ ಹಿಡಿದವರ ಬಗ್ಗೆ ಮಾತನಾಡೋಣ. ಅದರಲ್ಲೂ ಮನೆಯ ಗಂಡಸರ ಬಗ್ಗೆ, ಅವರ ಸಕ್ಕರೆ ಕಾಯಿಲೆಯ ಬಗ್ಗೆ.

ಪಶುವೈದ್ಯರಿಗೇಕೆ ಈ ಉಸಾಬರಿ ಎಂದು ನೀವು ಕೇಳಬಹುದು. ಕಾರಣ ಸರಳ. ನಮ್ಮ ಹಳ್ಳಿಗಳಲ್ಲಿ ನಲವತ್ತು ದಾಟಿದ ಎಷ್ಟೋ ಗಂಡಸರು ವರ್ಷವಿಡೀ ಮಾತನಾಡುವ ಒಬ್ಬನೇ ಡಾಕ್ಟರ್ ಎಂದರೆ ದನದ ಡಾಕ್ಟರ್. ಹಸು ಮೇವು ಬಿಟ್ಟರೆ ಅರ್ಧ ಗಂಟೆಯಲ್ಲಿ ಫೋನ್ ಬರುತ್ತದೆ. ಮಾಸು ಬೀಳದಿದ್ದರೆ ರಾತ್ರಿ ಹನ್ನೊಂದಕ್ಕೂ ಬರುತ್ತದೆ. ಕೆಲಸ ಮುಗಿಸಿ ಕೈ ತೊಳೆಯುವಾಗ ಅದೇ ಯಜಮಾನರು ಪಂಚೆ ಎತ್ತಿ ಕಾಲು ತೋರಿಸುತ್ತಾರೆ: "ಡಾಕ್ಟ್ರೇ, ಇದೊಂದು ಗಾಯ ತಿಂಗಳಾಯ್ತು, ಮಾಯ್ತಾನೇ ಇಲ್ಲ. ನಿಮ್ಮ ಬ್ಯಾಗಲ್ಲಿರೋದನ್ನೇ ಒಂದು ಇಂಜೆಕ್ಷನ್ ಹಾಕಿಬಿಡಿ."

ಹಾಕುವಂತಿಲ್ಲ. ಮನುಷ್ಯರಿಗೆ ಔಷಧ ಕೊಡುವ ಅಧಿಕಾರ ನನಗಿಲ್ಲ. ರಾಸುಗಳ ಔಷಧದ ಪ್ರಮಾಣ, ಬಲ ಎಲ್ಲವೂ ಬೇರೆ. ಅಟ್ಟದ ಮೇಲೆ ಉಳಿದಿರುವ ಹಸುವಿನ ನೋವಿನ ಔಷಧವನ್ನು ನೀವೇ ಚುಚ್ಚಿಸಿಕೊಳ್ಳುವುದಂತೂ ಪ್ರಾಣಕ್ಕೇ ಕುತ್ತು. ಆದರೆ ಮಾಯದ ಆ ಗಾಯ ಏನು ಹೇಳುತ್ತಿದೆ ಎಂದು ತಿಳಿಸಲು ಯಾವ ಅಡ್ಡಿಯೂ ಇಲ್ಲ. ಅದಕ್ಕೇ ಈ ಲೇಖನ.

ಕಾಣದ ಕೆಚ್ಚಲು ಬಾವಿನ ಹಾಗೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಪೇಟೆಯಲ್ಲಿ ಹೆಚ್ಚು, ಹಳ್ಳಿಯಲ್ಲಿ ಸ್ವಲ್ಪ ಕಡಿಮೆ ಎನ್ನುವುದು ನಿಜ. ಹಾಗೆಂದು ಹಳ್ಳಿಗೆ ಬಂದೇ ಇಲ್ಲ ಎಂದು ಹೇಳುವ ಕಾಲ ಹೋಯಿತು.

ಈ ರೋಗದ ಕಷ್ಟ ಇರುವುದು ಅದರ ಮೌನದಲ್ಲಿ. ನಿಮಗೆ ಗೊತ್ತಿರುವ ಉದಾಹರಣೆಯನ್ನೇ ಕೊಡುತ್ತೇನೆ. ಕೆಚ್ಚಲು ಬಾವಿನಲ್ಲಿ ಎರಡು ಬಗೆ. ಒಂದು ಕಣ್ಣಿಗೆ ಕಾಣುವುದು: ಕೆಚ್ಚಲು ಊದುತ್ತದೆ, ಹಾಲು ಒಡೆಯುತ್ತದೆ, ಹಸು ಒದೆಯುತ್ತದೆ. ಇನ್ನೊಂದು ಕಾಣದ ಬಾವು: ಕೆಚ್ಚಲು ಮೆತ್ತಗಿರುತ್ತದೆ, ಹಾಲು ಬೆಳ್ಳಗಿರುತ್ತದೆ, ಹಸು ಸುಮ್ಮನೆ ಮೆಲುಕು ಹಾಕುತ್ತಿರುತ್ತದೆ. ಪರೀಕ್ಷೆಯ ದ್ರಾವಣ ಬೆರೆಸಿದಾಗ ಮಾತ್ರ ಹಾಲು ಲೋಳೆಯಾಗಿ ಗುಟ್ಟು ಬಯಲಾಗುತ್ತದೆ. ಅಷ್ಟರಲ್ಲಿ ಎಷ್ಟೋ ಲೀಟರ್ ಹಾಲು ಕಳೆದುಹೋಗಿರುತ್ತದೆ.

ದೊಡ್ಡವರಿಗೆ ಬರುವ ಸಾಮಾನ್ಯ ಸಕ್ಕರೆ ಕಾಯಿಲೆ ಈ ಎರಡನೇ ಬಗೆಯದು. ಪದೇ ಪದೇ ಮೂತ್ರ, ಬಾಯಾರಿಕೆ, ಸುಸ್ತು, ತೂಕ ಇಳಿಯುವುದು, ಕಣ್ಣು ಮಂಜಾಗುವುದು, ಗಾಯ ಮಾಯದಿರುವುದು ಇವೆಲ್ಲ ಲಕ್ಷಣಗಳು ಹೌದು. ಆದರೆ ಇವು ಕಾಣಿಸುವ ಹೊತ್ತಿಗೆ ಕಾಯಿಲೆಗೆ ಹಲವು ವರ್ಷ ವಯಸ್ಸಾಗಿರಬಹುದು. ಆ ವರ್ಷಗಳಲ್ಲಿ ಅದು ಕಣ್ಣಿನ ಪರದೆ, ಮೂತ್ರಪಿಂಡ, ಹೃದಯ, ಕಾಲಿನ ನರಗಳನ್ನು ಸದ್ದಿಲ್ಲದೆ ತಿನ್ನುತ್ತಿರುತ್ತದೆ. "ನನಗೇನೂ ಆಗಿಲ್ಲ, ಗುಂಡುಕಲ್ಲಿನಂತಿದ್ದೇನೆ" ಎನ್ನುವ ಮಾತು ಇಲ್ಲಿ ಪ್ರಮಾಣಪತ್ರವಾಗುವುದಿಲ್ಲ.

"ದಿನವಿಡೀ ದುಡಿಯುವ ನನಗೆ ಯಾಕೆ ಶುಗರ್ ಬರುತ್ತದೆ?" ಎನ್ನುವವರೂ ಇದ್ದಾರೆ. ನಿಮ್ಮ ತಂದೆಯ ಕಾಲದ ದುಡಿಮೆಯನ್ನೂ ನಿಮ್ಮದನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮೇವು ಕತ್ತರಿಸಲು ಯಂತ್ರ ಬಂತು, ಹಾಲು ಕರೆಯಲು ಯಂತ್ರ ಬಂತು, ನೇಗಿಲಿನ ಜಾಗದಲ್ಲಿ ಟ್ರ್ಯಾಕ್ಟರ್ ಬಂತು, ಡೇರಿಗೆ ಹೋಗಲು ಬೈಕ್ ಬಂತು. ತಟ್ಟೆಯಲ್ಲಿನ ಅನ್ನದ ರಾಶಿ ಮಾತ್ರ ಇಳಿಯಲಿಲ್ಲ. ಜೊತೆಗೆ ನಮ್ಮ ಜನರ ದೇಹದ ಕಟ್ಟೇ ಹಾಗೆ: ಕೈಕಾಲು ಸಣ್ಣ, ಹೊಟ್ಟೆ ಮುಂದೆ. ಬಿಳಿಯರಿಗಿಂತ ಕಡಿಮೆ ತೂಕದಲ್ಲೇ, ಕಡಿಮೆ ವಯಸ್ಸಿನಲ್ಲೇ ನಮಗೆ ಸಕ್ಕರೆ ಕಾಯಿಲೆ ಬರುತ್ತದೆ. ಅಮೆರಿಕ, ಇಂಗ್ಲೆಂಡಿಗೆ ಹೋಗಿ ನೆಲೆಸಿದ ನಮ್ಮವರಲ್ಲೂ ಇದೇ ಕಂಡುಬಂದಿದೆ.

ಗಂಡಸರು ಏಕೆ ಸಿಗುವುದಿಲ್ಲ?

ಹೆಣ್ಣುಮಕ್ಕಳಿಗೆ ಬದುಕಿನ ಯಾವುದೋ ಹಂತದಲ್ಲಿ ಆರೋಗ್ಯ ಕೇಂದ್ರದ ನಂಟು ಬೆಳೆಯುತ್ತದೆ. ಗರ್ಭಿಣಿಯಾದಾಗ ತಾಯಿ ಕಾರ್ಡ್ ಆಗುತ್ತದೆ, ರಕ್ತ ಪರೀಕ್ಷೆ ಆಗುತ್ತದೆ, ಶುಗರ್ ಕೂಡ ನೋಡುತ್ತಾರೆ. ಮಗುವಿನ ಲಸಿಕೆಗೆ ಹೋಗುತ್ತಾರೆ. ಆಶಾ ಕಾರ್ಯಕರ್ತೆ ಅವರ ಹೆಸರು ಹಿಡಿದು ಕರೆಯುತ್ತಾರೆ. ಗಂಡಸರಿಗೆ ಅಂಥ ಯಾವ ಬಾಗಿಲೂ ಇಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ನೀವು ಹೊಲದಲ್ಲೋ, ಸಂತೆಯಲ್ಲೋ, ಅರಳಿಕಟ್ಟೆಯಲ್ಲೋ ಇರುತ್ತೀರಿ. ಆರೋಗ್ಯ ಕೇಂದ್ರ ತೆರೆದಿರುವ ಹೊತ್ತು ನಿಮಗೆ ಮೇವು ಕೊಯ್ಯುವ ಹೊತ್ತು. ಆಸ್ಪತ್ರೆಗೆ ಹೋದರೆ ಅರ್ಧ ದಿನ ಹೋಯಿತು. ಸಂಜೆ ಹಾಲು ಕರೆಯುವವರು ಯಾರು?

ಇನ್ನೊಂದು ಕಾರಣವೂ ಇದೆ. "ನೋಡಿಸಿದರೆ ತಾನೇ ಕಾಯಿಲೆ? ನೋಡಿಸದಿದ್ದರೆ ಇಲ್ಲ." ಈ ಮಾತನ್ನು ನಗುತ್ತಾ ಹೇಳುತ್ತಾರೆ, ಒಳಗೆ ಭಯ ಇರುತ್ತದೆ. ಒಮ್ಮೆ ಮಾತ್ರೆ ಶುರುವಾದರೆ ಸಾಯುವ ತನಕ ಬಿಡುವುದಿಲ್ಲ ಎಂಬ ಭಯ, ಊರಲ್ಲಿ "ಶುಗರ್ ಪೇಷಂಟ್" ಎಂದು ಹೆಸರಾಗುತ್ತದೆಂಬ ಭಯ, ದುಡಿಯುವ ಗಂಡಸು ಕೂತುಬಿಟ್ಟ ಎಂದುಕೊಳ್ಳುತ್ತಾರೆಂಬ ಸಂಕೋಚ.

ಇದು ನಮ್ಮೂರಿನ ಗಂಡಸರ ಕಥೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಕಪ್ಪು ಜನಾಂಗದ ಗಂಡಸರಲ್ಲೂ ಇದೇ ತೊಡಕಿತ್ತು, ಈಗಲೂ ಇದೆ. ಅವರಲ್ಲಿ ಬಿಳಿಯರಿಗಿಂತ ಸಕ್ಕರೆ ಕಾಯಿಲೆಯೂ ಹೆಚ್ಚು, ಅದರಿಂದ ಕಾಲು ಕಳೆದುಕೊಳ್ಳುವವರೂ ಹೆಚ್ಚು, ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಮಾತ್ರ ಕಡಿಮೆ. ಅದಕ್ಕೆ ಹಣದ ಕೊರತೆ ಒಂದು ಕಾರಣವಾದರೆ ಹಳೆಯ ಗಾಯ ಇನ್ನೊಂದು. ಅಲಬಾಮ ರಾಜ್ಯದ ಟಸ್ಕೀಗೀ ಎಂಬಲ್ಲಿ 1932ರಿಂದ 1972ರವರೆಗೆ, ಗುಹ್ಯರೋಗವಿದ್ದ ಸುಮಾರು 400 ಬಡ ಕಪ್ಪು ಗಂಡಸರಿಗೆ ಸರ್ಕಾರಿ ವೈದ್ಯರೇ ಸರಿಯಾದ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತಾ ಕೂತಿದ್ದರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಹೆಚ್ಚಿನವರು ಕೂಲಿ ಮತ್ತು ಗೇಣಿ ಬೇಸಾಯದವರು. ಅಂಥ ಇತಿಹಾಸವಿರುವ ಸಮುದಾಯಕ್ಕೆ "ಆಸ್ಪತ್ರೆಗೆ ಬನ್ನಿ" ಎಂದರೆ ಸಾಕಾಗುವುದಿಲ್ಲ.

ಆಗ ಅಲ್ಲಿನ ಕೆಲವು ವೈದ್ಯರು ದಾರಿ ಬದಲಿಸಿದರು. ಗಂಡಸರು ತಪ್ಪದೆ ಹೋಗುವ ಜಾಗ ಯಾವುದು? ಕ್ಷೌರದ ಅಂಗಡಿ. ಅಲ್ಲಿ ಹರಟೆ, ರಾಜಕೀಯ, ನಗು ಎಲ್ಲ ನಡೆಯುತ್ತದೆ, ಕ್ಷೌರಿಕನ ಮಾತಿನ ಮೇಲೆ ನಂಬಿಕೆ ಇರುತ್ತದೆ. ಲಾಸ್ ಏಂಜಲೀಸ್‌ನಲ್ಲಿ ರಕ್ತದೊತ್ತಡ ಹೆಚ್ಚಿದ್ದ 319 ಕಪ್ಪು ಗಂಡಸರನ್ನು 52 ಕ್ಷೌರದಂಗಡಿಗಳ ಮೂಲಕ ಸೇರಿಸಿಕೊಂಡರು. ಅರ್ಧದಷ್ಟು ಅಂಗಡಿಗಳಿಗೆ ತರಬೇತಾದ ಔಷಧ ತಜ್ಞರೇ ಬಂದು ಒತ್ತಡ ನೋಡಿ, ಗಿರಾಕಿಯ ವೈದ್ಯರ ಒಪ್ಪಿಗೆಯೊಂದಿಗೆ ಮಾತ್ರೆ ಹೊಂದಿಸಿದರು. ಉಳಿದ ಅಂಗಡಿಗಳಲ್ಲಿ ಕ್ಷೌರಿಕರು "ಡಾಕ್ಟರ ಹತ್ತಿರ ಹೋಗಿ" ಎಂದು ಬುದ್ಧಿ ಹೇಳಿದರು. ಆರು ತಿಂಗಳಲ್ಲಿ ಬುದ್ಧಿಮಾತು ಕೇಳಿದವರ ಮೇಲಿನ ಒತ್ತಡ ಸರಾಸರಿ 9 ಅಂಕ ಇಳಿದರೆ, ಅಂಗಡಿಯಲ್ಲೇ ಚಿಕಿತ್ಸೆ ಪಡೆದವರಲ್ಲಿ 27 ಅಂಕ ಇಳಿಯಿತು. 2018ರಲ್ಲಿ ಇದು ಪ್ರಕಟವಾದಾಗ ವೈದ್ಯಲೋಕವೇ ತಿರುಗಿ ನೋಡಿತು. ಆಮೇಲೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕ್ಷೌರದಂಗಡಿಗಳಲ್ಲೇ ಸಕ್ಕರೆ ಪರೀಕ್ಷೆ ಮಾಡಿದರು. ತಮಗೆ ಕಾಯಿಲೆ ಇದೆಯೆಂದು ಗೊತ್ತೇ ಇಲ್ಲದಿದ್ದ 290 ಗಂಡಸರಲ್ಲಿ 26 ಮಂದಿಗೆ ಸಕ್ಕರೆ ಕಾಯಿಲೆಯ ಮಟ್ಟ ಕಂಡಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಭಾನುವಾರವೂ ಹಬ್ಬವೂ ಎನ್ನದೆ ಊರಿನ ಗಂಡಸರು ಕ್ಯಾನು ಹಿಡಿದು ಸಾಲು ನಿಲ್ಲುವ ಜಾಗ ಬೇರೆ ಯಾವುದಿದೆ? ಅಲ್ಲಿ ಪರೀಕ್ಷೆ ಎಂದರೆ ಯಾರೂ ಹೆದರುವುದಿಲ್ಲ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಚೀಟಿ ನೋಡಿಯೇ ಮನೆಗೆ ಹೋಗುತ್ತೀರಿ. ಎರಡು ದಿನ ಫ್ಯಾಟ್ ಇಳಿದರೆ ಮೂರನೇ ದಿನ ಮೇವು ಬದಲಿಸುತ್ತೀರಿ. ಹಾಲಿಗೆ ದಿನಕ್ಕೆರಡು ಪರೀಕ್ಷೆ ಇರುವ ಜಾಗದಲ್ಲಿ, ಹಾಲು ತಂದವರಿಗೆ ವರ್ಷಕ್ಕೊಂದು ಪರೀಕ್ಷೆ ಆಗಲಾರದೆ?

ಪರೀಕ್ಷೆ: ಯಾವಾಗ, ಹೇಗೆ?

ಮೂವತ್ತು ವರ್ಷ ದಾಟಿದ ಎಲ್ಲರಿಗೂ ಸಕ್ಕರೆ ಮತ್ತು ರಕ್ತದೊತ್ತಡದ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ನಿಮ್ಮ ಉಪಕೇಂದ್ರ ಈಗ ಆಯುಷ್ಮಾನ್ ಆರೋಗ್ಯ ಮಂದಿರವಾಗಿದ್ದರೆ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯೇ ಪರೀಕ್ಷೆ ಮಾಡುತ್ತಾರೆ. ಕರ್ನಾಟಕ ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಗೇ ಬರುವವರೂ ಇದ್ದಾರೆ. ಬಂದಾಗ "ಯಜಮಾನರು ಹೊಲದಲ್ಲಿದ್ದಾರೆ" ಎಂದು ಕಳಿಸಬೇಡಿ, ಕರೆಸಿ.

ನಮ್ಮ ಕಸುಬಿನವರಿಗೆ ಒಂದು ತೊಡಕಿದೆ. ಖಾಲಿ ಹೊಟ್ಟೆಯ ಪರೀಕ್ಷೆಗೆ ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಬೇರೇನೂ ಸೇವಿಸಿರಬಾರದು. ನೀವೋ ಐದಕ್ಕೆ ಎದ್ದು ಹಾಲು ಕರೆದು, ಡೇರಿಗೆ ಹಾಕಿ, ಹೋಟೆಲಿನಲ್ಲಿ ಟೀ ಕುಡಿದು ಆಮೇಲೆ ಆಸ್ಪತ್ರೆ ನೆನಪಿಸಿಕೊಳ್ಳುತ್ತೀರಿ. ಆ ಟೀಯೊಂದಿಗೆ ಖಾಲಿ ಹೊಟ್ಟೆ ಮುಗಿಯಿತು. ಪರೀಕ್ಷೆಯ ದಿನ ಟೀ ಮುಂದೂಡಿ. ಅದು ಆಗದ ಮಾತು ಎನ್ನುವವರು ಎಚ್‌ಬಿಎ1ಸಿ ಪರೀಕ್ಷೆ ಕೇಳಿ. ಅದಕ್ಕೆ ಹೊಟ್ಟೆ ಖಾಲಿ ಇರಬೇಕಿಲ್ಲ. ಒಂದು ದಿನದ ಹಾಲಿನ ಫ್ಯಾಟ್ ಬೇರೆ, ಮೂರು ತಿಂಗಳ ಸರಾಸರಿ ಬೇರೆ ತಾನೆ? ಎಚ್‌ಬಿಎ1ಸಿ ಎಂದರೆ ಕಳೆದ ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ. ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡಿ ಅದನ್ನು ಏಮಾರಿಸಲು ಆಗುವುದಿಲ್ಲ.

ಅಂಕಗಳನ್ನು ಹೀಗೆ ನೆನಪಿಡಿ. ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಇದ್ದರೆ ಹೊಸ್ತಿಲಲ್ಲಿದ್ದೀರಿ. 126 ಅಥವಾ ಮೇಲಿದ್ದರೆ ಸಕ್ಕರೆ ಕಾಯಿಲೆಯ ಮಟ್ಟ. ಎಚ್‌ಬಿಎ1ಸಿ 5.7ರಿಂದ 6.4 ಹೊಸ್ತಿಲು, 6.5 ಮತ್ತು ಮೇಲೆ ಕಾಯಿಲೆ. ಬೆರಳು ಚುಚ್ಚಿ ನೋಡುವ ಯಂತ್ರದ ಅಂಕಿ ಮೊದಲ ಸೂಚನೆ ಮಾತ್ರ. ರಕ್ತ ತೆಗೆದು ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಬೇಕು. ಹೊಸ್ತಿಲಲ್ಲಿರುವವರು ಊಟ, ನಡಿಗೆ, ತೂಕ ಸರಿಮಾಡಿಕೊಂಡರೆ ಹಿಂದಕ್ಕೆ ಬರುವ ಅವಕಾಶ ಚೆನ್ನಾಗಿದೆ.

ಮನೆಯಲ್ಲೇ ಮಾಡಬಹುದಾದ ಒಂದು ಅಳತೆ ಇದೆ. ಹಸುವಿನ ಎದೆಯ ಸುತ್ತಳತೆಯನ್ನು ಟೇಪಿನಲ್ಲಿ ಹಿಡಿದು ನಾವು ತೂಕ ಅಂದಾಜು ಮಾಡುವುದನ್ನು ನೋಡಿದ್ದೀರಿ. ಅದೇ ಟೇಪನ್ನು ನಿಮ್ಮ ಸೊಂಟಕ್ಕೆ, ಹೊಟ್ಟೆ ಒಳಗೆಳೆದುಕೊಳ್ಳದೆ, ಸುತ್ತಿ ನೋಡಿ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ದಾಟಿದ್ದರೆ, ಮನೆಯಲ್ಲಿ ತಂದೆ ತಾಯಿ ಅಣ್ಣ ತಮ್ಮಂದಿರಿಗೆ ಸಕ್ಕರೆ ಕಾಯಿಲೆ ಇದ್ದರೆ, ಇನ್ನು ತಡಮಾಡಬೇಡಿ.

ಮಾತ್ರೆ ತಪ್ಪಿಸಿದರೂ ಕಷ್ಟ, ಊಟ ತಪ್ಪಿಸಿದರೂ ಕಷ್ಟ

ಕಾಯಿಲೆ ಇದೆಯೆಂದು ಗೊತ್ತಾದ ಗಂಡಸರಲ್ಲಿ ಒಂದು ಸಾಮಾನ್ಯ ರೂಢಿ ನೋಡಿದ್ದೇನೆ. ಒಂದು ತಿಂಗಳು ಮಾತ್ರೆ ನುಂಗುತ್ತಾರೆ, ಸಕ್ಕರೆ ಇಳಿಯುತ್ತದೆ, "ವಾಸಿಯಾಯ್ತು" ಎಂದು ಬಿಟ್ಟುಬಿಡುತ್ತಾರೆ. ಮಾತ್ರೆಯಿಂದ ಇಳಿದದ್ದು ಮಾತ್ರೆ ಬಿಟ್ಟರೆ ಏರುತ್ತದೆ. ಹಾಗಲಕಾಯಿ ರಸ, ಕಷಾಯ ಕುಡಿಯುವವರು ವೈದ್ಯರಿಗೆ ಹೇಳಿ ಕುಡಿಯಲಿ, ಆದರೆ ಅದನ್ನು ನಂಬಿ ಮಾತ್ರೆ ನಿಲ್ಲಿಸುವುದು ಬೇಡ. ಕಹಿ ತಿಂದರೆ ರಕ್ತದ ಸಿಹಿ ಕರಗುವುದಿಲ್ಲ.

ಮಂಡಿನೋವಿಗೆಂದು ಎಲ್ಲೆಲ್ಲೋ ಕೊಡುವ ಹೆಸರಿಲ್ಲದ ಪುಡಿ, ಒಂದೇ ದಿನದಲ್ಲಿ ಹಾರಿ ಕುಣಿಯುವಂತೆ ಮಾಡುವ ಇಂಜೆಕ್ಷನ್ ಬಗ್ಗೆ ಎಚ್ಚರ. ಅವುಗಳಲ್ಲಿ ಸ್ಟೀರಾಯ್ಡ್ ಇರುವ ಸಂಭವ ಉಂಟು. ಕರು ಹಾಕಿದ ಹಸುವಿಗೆ ಕೀಟೋಸಿಸ್ ಆಗಿ ರಕ್ತದ ಸಕ್ಕರೆ ಕುಸಿದಾಗ, ಅದನ್ನು ಏರಿಸಲೆಂದೇ ನಾವು ಸ್ಟೀರಾಯ್ಡ್ ಕೊಡುವುದುಂಟು. ಹಸುವಿನಲ್ಲಿ ಸಕ್ಕರೆ ಏರಿಸುವ ಔಷಧ ಮನುಷ್ಯನಲ್ಲೂ ಏರಿಸುತ್ತದೆ.

ಇನ್ನೊಂದು ಅಪಾಯ ಇದಕ್ಕೆ ಉಲ್ಟಾ. ಕೆಲವು ಬಗೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು, ಊಟ ಮಾಡದೆ ಮೇವು ಕೊಯ್ಯಲು ಹೋದರೆ ಸಕ್ಕರೆ ಕುಸಿಯುತ್ತದೆ. ಬೆವರು, ಕೈನಡುಕ, ಎದೆ ಡವಡವ, ಮಾತು ತೊದಲು, ಸಿಟ್ಟು, ಗಲಿಬಿಲಿ. ನೋಡಿದವರು ಕುಡಿದಿದ್ದಾನೆ ಅಂದುಕೊಳ್ಳುತ್ತಾರೆ. ನಾನು ಭೇಟಿ ಕೊಟ್ಟಿದ್ದ ಒಂದು ಸಂಘದಲ್ಲಿ ಬೆಳಿಗ್ಗೆ ಏಳರ ಸುಮಾರಿಗೆ ಸಾಲಿನಲ್ಲಿದ್ದ ಒಬ್ಬರು ಹೀಗೇ ಓಲಾಡತೊಡಗಿದರು. "ಬೆಳಗ್ಗೇನೇ ಹಾಕಿದ್ದಾನೆ" ಎಂದು ನಾಲ್ಕು ಜನ ನಕ್ಕರು. ಹಾಲು ಪರೀಕ್ಷೆ ಮಾಡುವ ಹೆಣ್ಣುಮಗಳಿಗೆ ಮಾತ್ರ ಅವರ ಕಾಯಿಲೆ ಗೊತ್ತಿತ್ತು. ಓಡಿಹೋಗಿ ಪಕ್ಕದ ಹೋಟೆಲಿನಿಂದ ಸಕ್ಕರೆ ತಂದು ನೀರಿಗೆ ಕಲಸಿ ಕುಡಿಸಿದಳು. ಹದಿನೈದು ನಿಮಿಷದಲ್ಲಿ ಅವರು ತಮ್ಮ ಕ್ಯಾನು ತಾವೇ ಎತ್ತಿಕೊಂಡರು. ಅವರು ಬೈಕಿನ ಮೇಲಿದ್ದಾಗ ಇದೇ ಆಗಿದ್ದರೆ ಏನಾಗುತ್ತಿತ್ತೋ ನೀವೇ ಊಹಿಸಿ.

ಪ್ರಜ್ಞೆ ಇದ್ದು ನುಂಗಲು ಆಗುತ್ತಿದ್ದರೆ ಮೂರು ಚಮಚ ಸಕ್ಕರೆ ಕೊಡಿ, ಹದಿನೈದು ನಿಮಿಷ ಕಾಯಿರಿ, ಸರಿಹೋಗದಿದ್ದರೆ ಮತ್ತೆ ಕೊಡಿ, ಆಮೇಲೆ ಊಟ ಮಾಡಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ಹಾಲುಜ್ವರದಲ್ಲಿ ಕುತ್ತಿಗೆ ಮಡಚಿ ಬಿದ್ದ ಹಸುವಿಗೆ ಗೊಟ್ಟದಲ್ಲಿ ಔಷಧ ಹುಯ್ದರೆ ಶ್ವಾಸಕೋಶಕ್ಕೆ ಹೋಗಿ ಹಸುವೇ ಹೋಗುತ್ತದೆ ಎಂದು ಎಷ್ಟು ಸಲ ಹೇಳಿದ್ದೇವೆ? ಮನುಷ್ಯರಿಗೂ ಅದೇ ಮಾತು. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಈ ಬಗೆಯ ಮಾತ್ರೆ ತೆಗೆದುಕೊಳ್ಳುವವರು ಅಂಗಿಯ ಜೇಬಿನಲ್ಲಿ ಸದಾ ಸಕ್ಕರೆ ಪೊಟ್ಟಣ ಇಟ್ಟುಕೊಂಡಿರಲಿ. ಖಾಲಿ ಹೊಟ್ಟೆಯಲ್ಲಿ ಕುಡಿತ ಬಿದ್ದರೆ ಕುಸಿತ ಇನ್ನೂ ಜೋರು.

ಇನ್ಸುಲಿನ್ ಎಂದರೆ ಕೊನೆಗಾಲ ಎಂಬ ನಂಬಿಕೆ ಬಿಡಿ. ಅದರ ಚರಿತ್ರೆಯಲ್ಲಿ ನಮ್ಮ ರಾಸುಗಳ ಪಾಲೂ ಇದೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರ ಪ್ರಯೋಗಗಳಿಂದ ಹೊರಬಂದ ಈ ಔಷಧವನ್ನು 1922ರ ಜನವರಿಯಲ್ಲಿ ಮೊದಲ ಸಲ ಹದಿನಾಲ್ಕು ವರ್ಷದ ಹುಡುಗನಿಗೆ ಚುಚ್ಚಿದರು. ಅದನ್ನು ತೆಗೆದದ್ದು ಎತ್ತಿನ ಮೇದೋಜೀರಕ ಗ್ರಂಥಿಯಿಂದ. ಅಲ್ಲಿಂದ ಸುಮಾರು ಅರವತ್ತು ವರ್ಷ ಲಕ್ಷಾಂತರ ಜನ ಬದುಕಿದ್ದು ದನ ಮತ್ತು ಹಂದಿಗಳಿಂದ ತೆಗೆದ ಇನ್ಸುಲಿನ್‌ನಿಂದ. ಸೂಕ್ಷ್ಮಾಣುಗಳಿಂದ ತಯಾರಿಸಿದ ಮಾನವ ಇನ್ಸುಲಿನ್ ಬಂದದ್ದು 1982ರಲ್ಲಿ. ಇದನ್ನು ಇಡುವ ರೀತಿ ಕಾಲುಬಾಯಿ ಲಸಿಕೆಯಂತೆಯೇ: 2ರಿಂದ 8 ಡಿಗ್ರಿ ತಂಪು. ಹೆಪ್ಪುಗಟ್ಟಬಾರದು, ಬಿಸಿಲಿಗೂ ಬೀಳಬಾರದು. ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸಬೇಡಿ.

ತಟ್ಟೆಯಲ್ಲಿ ಏನಿರಬೇಕು?

ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಹಸುವಿಗೆ ಸುರಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಹೊಟ್ಟೆ ಹುಳಿಯಾಗಿ ಹಸು ಮಲಗಿಬಿಡುತ್ತದೆ. ಹಿಂಡಿಗೆ ಒಂದು ಲೆಕ್ಕ, ಹಸಿ ಮೇವಿಗೆ ಒಂದು ಲೆಕ್ಕ, ಒಣ ಮೇವಿಗೆ ಒಂದು ಲೆಕ್ಕ ಎಂದು ಸಮತೋಲನ ಆಹಾರ ಹಾಕುವ ನೀವು, ನಿಮ್ಮ ತಟ್ಟೆಗೂ ಅದೇ ಲೆಕ್ಕ ಹಾಕಿ. ಅರ್ಧ ತಟ್ಟೆ ಸೊಪ್ಪು–ತರಕಾರಿ, ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಮುದ್ದೆಯೋ ಅನ್ನವೋ ರೊಟ್ಟಿಯೋ.

ರಾಗಿ ಒಳ್ಳೆಯದೇ. ಅದರಲ್ಲಿ ನಾರಿದೆ, ಸುಣ್ಣದ ಅಂಶವಿದೆ. ಆದರೆ ರಾಗಿಯಲ್ಲಿ ಸಕ್ಕರೆಯಾಗಿ ಬದಲಾಗುವ ಪಿಷ್ಟ ಇಲ್ಲವೇ ಇಲ್ಲ ಎಂದು ಎರಡು ದೊಡ್ಡ ಮುದ್ದೆ ನುಂಗಿದರೆ ಲೆಕ್ಕ ತಪ್ಪುತ್ತದೆ. ಒಂದು ಸಣ್ಣ ಮುದ್ದೆ, ಜೊತೆಗೆ ಬಸ್ಸಾರು, ಕಾಳಿನ ಪಲ್ಯ ಸಾಕು. ಬೆಲ್ಲದ ಕಾಫಿ ಸಕ್ಕರೆ ಕಾಫಿಯಷ್ಟೇ ಸಿಹಿ, ರಕ್ತಕ್ಕೆ ಎರಡೂ ಒಂದೇ. ಹಾಲು, ಮಜ್ಜಿಗೆ ಬಿಡಬೇಕಾಗಿಲ್ಲ; ಹಾಲಿಗೆ ಹಾಕುವ ಸಕ್ಕರೆ ಬಿಡಿ. ದಿನಕ್ಕೆ ಆರು ಟೀ ಕುಡಿಯುವವರು ಮೊದಲು ಅದರ ಸಕ್ಕರೆಯನ್ನು ಅರ್ಧ ಮಾಡಿ, ಆಮೇಲೆ ಪೂರ್ತಿ ನಿಲ್ಲಿಸಿ. ಡೇರಿ ಹತ್ತಿರವಿದ್ದರೆ ಬೈಕ್ ಬಿಟ್ಟು ನಡೆದು ಹೋಗಿ. ವಾರಕ್ಕೆ 150 ನಿಮಿಷದ ಚುರುಕು ನಡಿಗೆ ಎಂದು ವೈದ್ಯರು ಹೇಳುವುದು ಅಲ್ಲೇ ಅರ್ಧ ತೀರುತ್ತದೆ.

ಗೊರಸು ನೋಡುವ ಕಣ್ಣಿಗೆ ಪಾದವೂ ಕಾಣಲಿ

ನಮ್ಮ ಕಸುಬಿನವರಿಗೆ ಅತಿ ದೊಡ್ಡ ಅಪಾಯ ಪಾದದಲ್ಲಿದೆ. ಸಕ್ಕರೆ ಹೆಚ್ಚಿದ್ದ ಹಾಗೆ ಕಾಲಿನ ನರಗಳು ಮರಗಟ್ಟುತ್ತವೆ. ಮುಳ್ಳು ಚುಚ್ಚಿದರೂ ಗೊತ್ತಾಗದು, ಬಿಸಿನೀರು ಸುಟ್ಟರೂ ಗೊತ್ತಾಗದು. ಕೊಟ್ಟಿಗೆಯಲ್ಲಿ ಸಗಣಿ, ಗಂಜಲ, ತೇವ ಸದಾ ಇರುತ್ತದೆ. ಬೀಡಿ ಸೇದುವವರಲ್ಲಿ ರಕ್ತನಾಳಗಳೂ ಕಿರಿದಾಗಿ ಗಾಯಕ್ಕೆ ರಕ್ತವೇ ಸರಿಯಾಗಿ ಹೋಗುವುದಿಲ್ಲ.

ನಾಲ್ಕು ಎಚ್‌ಎಫ್ ಹಸು ಸಾಕಿದ್ದ ಒಬ್ಬ ರೈತರು ನನಗೆ ಚೆನ್ನಾಗಿ ಪರಿಚಿತರು. ಹಾಲು ಕರೆಯುವಾಗ ಹಸು ಕಾಲ್ಬೆರಳು ತುಳಿಯಿತು. ನೋವೇ ಆಗಲಿಲ್ಲವೆಂದು ಅವರು ಅದನ್ನು ಹೆಮ್ಮೆಯಿಂದ ಹೇಳಿಕೊಂಡರು. ಉಗುರು ಕಪ್ಪಾಯಿತು, ಅರಿಶಿನ ಹಚ್ಚಿದರು. ಅದೇ ವಾರ ಅವರ ಒಂದು ಹಸುವಿಗೆ ಗೊರಸಿನ ಹುಣ್ಣಾಗಿತ್ತು. ಅದಕ್ಕೆ ಮೂರು ದಿನ ಬಿಡದೆ ಡ್ರೆಸಿಂಗ್ ಮಾಡಿಸಿದರು. ತಮ್ಮ ಕಾಲನ್ನು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ತೋರಿಸಿದ್ದು ಮೂರು ವಾರ ಕಳೆದು ವಾಸನೆ ಬಂದ ಮೇಲೆ. ಸಕ್ಕರೆ ಕಾಯಿಲೆ ಇದೆಯೆಂದು ಅವರಿಗೆ ಗೊತ್ತಾದದ್ದೂ ಅಲ್ಲೇ. ಪಾದದ ಮುಂಭಾಗ ತೆಗೆಯಬೇಕಾಯಿತು. ಆಸ್ಪತ್ರೆ ಓಡಾಟ, ಕೆಲಸಗಾರರ ಕೂಲಿ ಎಂದು ಎರಡು ಹಸು ಮಾರಿದರು. ಹಸುವಿನ ಗೊರಸು ವಾಸಿಯಾಯಿತು. ಈಗ ಹಾಲು ಹಾಕಲು ಅವರ ಹೆಂಡತಿ ಬರುತ್ತಾರೆ.

ಪ್ರತಿ ರಾತ್ರಿ ಕಾಲು ತೊಳೆದು, ಬೆರಳ ಸಂದು ಒರೆಸಿ, ಪಾದದ ಅಡಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ ಅಥವಾ ಮನೆಯವರಿಗೆ ತೋರಿಸಿ. ಕೊಟ್ಟಿಗೆಗೆ ಬರಿಗಾಲಲ್ಲಿ ಇಳಿಯಬೇಡಿ. ಗಂಬೂಟು ಹಾಕುವ ಮೊದಲು ಒಳಗೆ ಕಲ್ಲು, ಹುಳ ಇದೆಯೇ ಎಂದು ಕೊಡವಿ. ಬಿಸಿನೀರನ್ನು ಮೊದಲು ಮೊಣಕೈಯಲ್ಲಿ ನೋಡಿ. ಆಣಿಯನ್ನು ಬ್ಲೇಡಿನಲ್ಲಿ ಕೊಯ್ಯಬೇಡಿ. ಸಣ್ಣ ಗಾಯವೂ ಎರಡು ದಿನದಲ್ಲಿ ಒಣಗುವ ಲಕ್ಷಣ ಕಾಣದಿದ್ದರೆ ಆಸ್ಪತ್ರೆಗೆ ಹೋಗಿ. ವರ್ಷಕ್ಕೊಮ್ಮೆ ಕಣ್ಣಿನ ಪರದೆ, ಮೂತ್ರಪಿಂಡ, ಪಾದ ಈ ಮೂರರ ತಪಾಸಣೆ ಬಿಡಬೇಡಿ.

ಖರ್ಚಿನ ಮಾತು

ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತವೆ. ಹೊರಗೆ ಕೊಳ್ಳುವವರಿಗೆ ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ ಯೋಜನೆಯ ನೋಂದಣಿಯನ್ನು ಪ್ರತಿ ವರ್ಷ ಮಾಡಿಸಿಕೊಳ್ಳಿ. ಆದರೆ ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ನೆರವಾಗುವಂಥದ್ದು, ದಿನನಿತ್ಯದ ಮಾತ್ರೆಗಲ್ಲ. ಕಾಲು ತೆಗೆಯುವ ಖರ್ಚಿಗೆ ಯೋಜನೆ ಹುಡುಕುವುದಕ್ಕಿಂತ ಕಾಲು ಉಳಿಸುವ ಮಾತ್ರೆ ನುಂಗುವುದು ಅಗ್ಗ.

ಸಂಘಗಳು ಮಾಡಬಹುದಾದ ಕೆಲಸ

ಅಧ್ಯಕ್ಷರು, ಕಾರ್ಯದರ್ಶಿಗಳು, ನಿರ್ದೇಶಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಯಿರಿ. ಒಂದು ದಿನ, ಹಾಲು ಹಾಕುವ ಬೆಳಗಿನ ಹೊತ್ತಿನಲ್ಲೇ, ಸಂಘದ ಅಂಗಳದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಮಾಡಿಕೊಡಲು ಕೇಳಿ. ಜಾಗ, ಮೇಜು, ಕುರ್ಚಿ, ಬೆಳಕು ನಿಮ್ಮಲ್ಲೇ ಇದೆ. ಮೂರು ದಿನ ಮುಂಚೆ ಫಲಕದಲ್ಲಿ ಬರೆಯಿರಿ: "ಆ ದಿನ ಟೀ ಕುಡಿಯದೆ ಬನ್ನಿ." ತಪಾಸಣೆ ಮುಗಿದವರಿಗೆ ಉಪಾಹಾರದ ವ್ಯವಸ್ಥೆ ಮಾಡಿದರೆ ಇನ್ನೂ ಚೆನ್ನ. ಅಂಕಿಗಳನ್ನು ಎಲ್ಲರ ಮುಂದೆ ಕೂಗಿ ಹೇಳದೆ ಚೀಟಿಯಲ್ಲಿ ಬರೆದು ಅವರವರ ಕೈಗೆ ಕೊಡಲಿ. ಲಾಸ್ ಏಂಜಲೀಸ್‌ನ ಪಾಠ ಮರೆಯಬಾರದು: ಒಂದು ದಿನದ ಶಿಬಿರ, ಬುದ್ಧಿಮಾತು ಸಾಲದು. ಹೆಚ್ಚು ಬಂದವರು ಮುಂದಿನ ತಿಂಗಳು ಆಸ್ಪತ್ರೆಗೆ ಹೋದರೇ, ಮಾತ್ರೆ ಸಿಕ್ಕಿತೇ ಎಂದು ಯಾರಾದರೊಬ್ಬರು ಕೇಳುತ್ತಿರಬೇಕು. ಸಂಘದಲ್ಲಿ ಹಾಲು ಪರೀಕ್ಷಿಸುವವರೋ ಆಶಾ ಕಾರ್ಯಕರ್ತೆಯೋ ಆ ಪಟ್ಟಿ ನೋಡಿಕೊಂಡರೆ ಸಾಕು. ಒಂದು ಡಬ್ಬಿ ಸಕ್ಕರೆಯನ್ನು ಸಂಘದ ಕಪಾಟಿನಲ್ಲಿ ಇಡುವುದನ್ನೂ ಮರೆಯಬೇಡಿ.

ಮನೆಯ ಹೆಣ್ಣುಮಕ್ಕಳಿಗೂ ಒಂದು ಮಾತು. ಯಜಮಾನರು ಹಿಂಜರಿದರೆ ಹಾಲಿನ ಪಾಸ್‌ಬುಕ್ ಪಕ್ಕದಲ್ಲೇ ಅವರದೊಂದು ಪುಸ್ತಕ ಇಡಿ. ದಿನಾಂಕ, ಸಕ್ಕರೆ, ಒತ್ತಡ, ಮಾತ್ರೆ ಇಷ್ಟೇ ಬರೆಯಿರಿ. ಕೃತಕ ಗರ್ಭಧಾರಣೆ ಮಾಡಿಸಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಮನೆಗೆ ಇದು ಕಷ್ಟವಲ್ಲ.

ನಿಮ್ಮ ರಾಸುಗಳಿಗೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಲಸಿಕೆ ಹಾಕಲು ನಾವು ಮನೆ ಬಾಗಿಲಿಗೆ ಬರುತ್ತೇವೆ. ಮುಂದಿನ ಸುತ್ತಿಗೆ ಬಂದಾಗ ಹಸುವಿನ ಕಿವಿಯೋಲೆ ನಂಬರ್ ಬರೆದುಕೊಂಡು, ಯಜಮಾನರ ಖಾಲಿ ಹೊಟ್ಟೆಯ ಅಂಕಿ ಎಷ್ಟೆಂದು ಕೇಳುತ್ತೇನೆ. ಉತ್ತರ ಸಿದ್ಧವಾಗಿಟ್ಟುಕೊಂಡಿರಿ.

– ಪಶುವೈದ್ಯಾಧಿಕಾರಿ